ಶೇಕಡಾ 42ರ ಆಚೆಗಿನ ಲೆಕ್ಕ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ಜಿಲ್ಲೆಗಳ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕಟ್ಟಕಡೆಗೆ. ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಮಕ್ಕಳೆಲ್ಲ ಆ ಒಂದು ಅಂಕಿಯೊಳಗೆ ಕರಗಿಹೋದರು. ಪಾಸಾದವರೂ 'ಕೊನೆಯ ಜಿಲ್ಲೆಯವರು' ಎನಿಸಿಕೊಂಡರು.

ಆ ಅಂಕಿ ಸುಳ್ಳಲ್ಲ. ಆದರೆ ಅದನ್ನು ಮಕ್ಕಳ ಸೋಲೆಂದು ಓದುವುದು ಅನ್ಯಾಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳನ್ನು ಹೆಸರಿಸಿತ್ತು. ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಆ ಪಟ್ಟಿಯಲ್ಲಿದ್ದವು. 2025ರಲ್ಲಿ ಪರೀಕ್ಷೆಗೆ ಕುಳಿತ ಬಹುಪಾಲು ಮಕ್ಕಳು ಹುಟ್ಟಿದ್ದೇ ಆ ವರದಿ ಬಂದ ಆರೇಳು ವರ್ಷಗಳ ಮೇಲೆ.

ಈ ಸೀಮೆಯ ಮಗುವಿನ ದಿನವನ್ನೇ ನೋಡಬೇಕು. ತಾಂಡಾದ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಗಡಿಯಾಚೆಯ ತಾಂಡೂರಿನತ್ತ ಹೋದರೆ ತೆಲುಗು. ಮೂರು ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವ ಈ ಜಾಣ್ಮೆಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಮನೆಯವರು ಮುಂಬೈಗೋ ಹೈದರಾಬಾದಿಗೋ ಗುಳೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಂಡು ಶಾಲೆ ಬಿಡದೆ ಉಳಿದ ಹುಡುಗಿಯ ಛಲಕ್ಕೂ ಇಲ್ಲ. ಅಂಕಪಟ್ಟಿ ಕಾಣದ ಇಂಥ ಜಾಣ್ಮೆಯನ್ನು ಈ ನೆಲ ಹಿಂದೆಯೇ ಗುರುತಿಸಿತ್ತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಆ ಆಸ್ಥಾನದಿಂದ ಬಂದ 'ಕವಿರಾಜಮಾರ್ಗ', ಓದು ಕಲಿಯದೆಯೂ ಕಾವ್ಯದಲ್ಲಿ ಪರಿಣತರಾದ ನಾಡವರನ್ನು ಮೆಚ್ಚಿಕೊಂಡಿತ್ತು. ಕಲಿಕೆ ಶಾಲೆಯ ಹೊರಗೂ ನಡೆಯುತ್ತದೆಂಬುದು ಈ ನೆಲಕ್ಕೆ ಹಳೆಯ ತಿಳಿವಳಿಕೆ.

ಇದಕ್ಕೆ ಈಚಿನ ಪುರಾವೆಯೂ ಇದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಗ್ರಾಂ, ಕಿಲೋ, ಚಿಲ್ಲರೆಯ ತೊಡಕಿನ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಮಕ್ಕಳು ಪುಸ್ತಕದ ಸರಳ ಭಾಗಾಕಾರದಲ್ಲಿ ಎಡವಿದರು. ಭಾಗಾಕಾರ ಬಲ್ಲ ಶಾಲಾ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರದ ಮಕ್ಕಳಲ್ಲಿ ಇಂಥದ್ದೇ ಸಂಗತಿ 1985ರಲ್ಲೇ ದಾಖಲಾಗಿತ್ತು. ದಡ್ಡರು ಯಾರೂ ಇರಲಿಲ್ಲ. ಎರಡು ಲೆಕ್ಕಗಳ ನಡುವೆ ಸೇತುವೆ ಕಟ್ಟುವ ಕೆಲಸ ಶಾಲೆಯದಾಗಿತ್ತು, ಅದು ನಡೆದಿರಲಿಲ್ಲ. ಸುಲೇಪೇಟದ ಸಂತೆಯಲ್ಲಿ ತೊಗರಿ ತೂಗುವ ಹುಡುಗ ಗಣಿತದಲ್ಲಿ ಫೇಲಾದರೆ ಕೇಳಬೇಕಾದ ಪ್ರಶ್ನೆ, ಶಾಲೆ ಆ ಸೇತುವೆ ಕಟ್ಟಿತೇ ಎಂಬುದು.

ಹಾಗೆಂದು ಅಂಕ ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಮೀಸಲಿದೆ. ಹತ್ತನೆಯ ತರಗತಿ ದಾಟದ ಮಗು ಆ ಬಾಗಿಲ ತನಕವೂ ಹೋಗಲಾರದು. ಪಾಸಾಗುವುದು ಹಕ್ಕಿನ ಮೊದಲ ಮೆಟ್ಟಿಲು, ಅದನ್ನು ಸಡಿಲಿಸುವ ಮಾತೇ ಇಲ್ಲ.

ಬದಲಾಗಬೇಕಾದದ್ದು ಅಳೆಯುವ ಬಗೆ. ಎಸ್ಸೆಸ್ಸೆಲ್ಸಿಯ ಪ್ರತಿ ವಿಷಯದಲ್ಲೂ ಆಂತರಿಕ ಮೌಲ್ಯಮಾಪನಕ್ಕೆ ಅಂಕಗಳಿವೆ: ಪ್ರಥಮ ಭಾಷೆಗೆ 25, ಉಳಿದವಕ್ಕೆ ತಲಾ 20. ಈ ಅಂಕಗಳು ಕಾಟಾಚಾರವಾದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಮನೆಯ ತೊಗರಿ ಬೆಳೆಯ ಖರ್ಚು-ಆದಾಯದ ಲೆಕ್ಕ ಬರೆಯುವುದು, ಶಹಾಬಾದ ಕಲ್ಲಿನ ಗಣಿಗಳ ದೂಳಿನ ಬಗ್ಗೆ ವಿಜ್ಞಾನದ ಪ್ರಯೋಗ ಮಾಡುವುದು, ಅಜ್ಜಿ ಹೇಳಿದ ಲಂಬಾಣಿ ಕಥೆಯನ್ನು ಕನ್ನಡಕ್ಕೆ ತರುವುದು, ಇವಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ಮಗುವಿನ ಪ್ರಗತಿಯನ್ನು ಸಮಗ್ರವಾಗಿ ನೋಡುವ ಪ್ರಗತಿಪತ್ರದ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆಡಿದೆ.

ಇನ್ನೊಂದು ಅಳತೆ ಅದಕ್ಕೂ ಮುಖ್ಯ: ಮಗು ಎಲ್ಲಿಂದ ಹೊರಟಿತ್ತು ಎಂಬುದು. ಎಂಟನೆಯ ತರಗತಿಗೆ ಬಂದಾಗ ಒಂದು ಪುಟ ಓದಲಾರದ ಹುಡುಗ ಹತ್ತನೆಯ ತರಗತಿಯಲ್ಲಿ 300 ಅಂಕ ಪಡೆದರೆ, ಅದು ನಗರದ ಹುಡುಗನ 600ಕ್ಕಿಂತ ಕಡಿಮೆ ಸಾಧನೆಯೇನಲ್ಲ.

ಸುಲೇಪೇಟದ ಸುತ್ತಲಿನ ಶಾಲೆಗಳ ಎಸ್‌ಡಿಎಂಸಿ ಸದಸ್ಯರು, ತಾಯಂದಿರು, ತಂದೆಯಂದಿರು ಮುಂದಿನ ಸಭೆಯಲ್ಲಿ ಎಷ್ಟು ಜನ ಪಾಸಾದರು ಎಂದು ಖಂಡಿತ ಕೇಳಲಿ. ಜೊತೆಗೆ ಕಳೆದ ಜೂನ್‌ನಲ್ಲಿ ಓದಲು ಬಾರದಿದ್ದವರಲ್ಲಿ ಈಗ ಎಷ್ಟು ಮಕ್ಕಳು ಓದುತ್ತಾರೆ ಎಂದೂ ಕೇಳಲಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.