ವಾಹನದ ಎಚ್ಚರಿಕೆ ದೀಪಗಳು

ಎಚ್ಚರಿಕೆ ದೀಪಗಳು ಎಂದರೆ ಮೋಟಾರು ವಾಹನದ ಡ್ಯಾಶ್‌ಬೋರ್ಡಿನಲ್ಲಿ, ವೇಗಮಾಪಕದ ಆಸುಪಾಸಿನಲ್ಲಿ ಬೆಳಗಿ, ವಾಹನದ ಯಾವುದಾದರೊಂದು ಭಾಗದ ಸ್ಥಿತಿಯನ್ನು ಚಾಲಕನಿಗೆ ತಿಳಿಸುವ ಚಿಕ್ಕ ದೀಪಗಳು. ಮೊದಲಿನ ಕಾರುಗಳಲ್ಲಿ ಆಯಿಲ್ ಒತ್ತಡ, ವಿದ್ಯುತ್ ಪ್ರವಾಹ ಮುಂತಾದವುಗಳನ್ನು ಮುಳ್ಳಿನ ಮಾಪಕಗಳು ತೋರಿಸುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿಯು ಅವುಗಳ ಬದಲಿಗೆ ದೀಪಗಳನ್ನು ಅಳವಡಿಸಿತು. ಮಾಪಕವನ್ನು ಓದಲಾರದವನಿಗೂ ಅರ್ಥವಾಗುವಂಥದು ಎಂಬ ಕುಹಕದಿಂದ ಇಂಗ್ಲಿಷಿನಲ್ಲಿ ಇವನ್ನು ‘ಮೂರ್ಖರ ದೀಪ’ ಎಂದು ಕರೆಯುವುದುಂಟು. ಕುಹಕದಲ್ಲಿ ಸ್ವಲ್ಪ ಸತ್ಯವೂ ಇದೆ. ಕೆಡುಕು ಬರುತ್ತಿರುವಾಗಲೇ ಮುಳ್ಳು ಅದನ್ನು ತೋರಿಸುತ್ತದೆ; ದೀಪವಾದರೋ ಹೆಚ್ಚಾಗಿ ಕೆಡುಕು ಬಂದ ಮೇಲೆಯೇ ಹೊತ್ತಿಕೊಳ್ಳುತ್ತದೆ.

ಬಣ್ಣಗಳ ಅರ್ಥ

ಚಿಹ್ನೆಗಳ ಆಕಾರವನ್ನು ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವು ನಿಗದಿಪಡಿಸಿರುವುದರಿಂದ ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿಯೂ ಅವು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಕೆಂಪು ಅಪಾಯವನ್ನು ಸೂಚಿಸುತ್ತದೆ. ಹಳದಿಯು ಬೇಗನೆ ಪರೀಕ್ಷಿಸಬೇಕಾದ ದೋಷವನ್ನು ತಿಳಿಸುತ್ತದೆ. ಹಸಿರು ಮತ್ತು ನೀಲಿ ದೀಪಗಳು ದೋಷಸೂಚಕಗಳಲ್ಲ. ನೀಲಿಯು ಹೈ ಬೀಮ್ ಉರಿಯುತ್ತಿದೆ ಎಂದಷ್ಟೇ ಹೇಳುತ್ತದೆ.

ಕೀಲಿ ತಿರುಗಿಸಿದೊಡನೆ ಹಲವು ದೀಪಗಳು ಒಟ್ಟಿಗೆ ಬೆಳಗುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಇದು ದೀಪಗಳು ಸರಿಯಾಗಿವೆಯೇ ಎಂಬುದರ ಪರೀಕ್ಷೆ. ಇಂಜಿನ್ ಚಾಲೂ ಆದ ಕೆಲವು ಕ್ಷಣಗಳಲ್ಲಿ ಅವು ಆರಬೇಕು.

ಕೆಂಪು ದೀಪಗಳು

ಹನಿ ತೊಟ್ಟಿಕ್ಕುವ ಎಣ್ಣೆಗಿಂಡಿಯ ಚಿತ್ರವುಳ್ಳ ದೀಪವು ಇವುಗಳಲ್ಲಿ ಅತ್ಯಂತ ಮುಖ್ಯವಾದುದು. ಇದು ಆಯಿಲಿನ ಮಟ್ಟವನ್ನು ಸೂಚಿಸುತ್ತದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ, ಸೂಚಿಸುವುದು ಒತ್ತಡವನ್ನು. ಒತ್ತಡವಿಲ್ಲದಿದ್ದರೆ ಬೇರಿಂಗುಗಳ ನಡುವಿನ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿಯೇ ಇಂಜಿನ್ ಹಾಳಾಗಬಹುದು. ಆದ್ದರಿಂದ ‘ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿಬಿಡೋಣ’ ಎನ್ನುವುದು ಸಲ್ಲದು. ವಾಹನವನ್ನು ಪಕ್ಕಕ್ಕೆ ತಂದು, ಇಂಜಿನ್ ಆರಿಸಿ, ಸಮತಟ್ಟಾದ ನೆಲದಲ್ಲಿ ಕೆಲವು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ಎಳೆದು ನೋಡಬೇಕು. ಮಟ್ಟ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ಪಂಪ್ ಕೆಟ್ಟಿರಬಹುದು, ಸೆನ್ಸರ್ ಕೆಟ್ಟಿರಲೂಬಹುದು. ಎರಡನೆಯದೇ ಇರಲೆಂದು ಆಶಿಸಿ ಓಡಿಸುವುದಕ್ಕಿಂತ ಎಳೆಸಿಕೊಂಡು ಹೋಗುವುದು ಅಗ್ಗ.

ಬ್ಯಾಟರಿಯ ಚಿತ್ರ ಬೆಳಗಿದಾಗ ಹೊಸ ಬ್ಯಾಟರಿ ಕೊಳ್ಳುವವರಿದ್ದಾರೆ. ವಾಸ್ತವವಾಗಿ ಈ ದೀಪವು ಆಲ್ಟರ್ನೇಟರಿನಿಂದ ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲವೆಂದು ಹೇಳುತ್ತದೆ. ಬೆಲ್ಟ್ ತುಂಡಾಗಿರುವುದು ಒಂದು ಕಾರಣ. ಅನೇಕ ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುವುದರಿಂದ, ಇದರ ಹಿಂದೆಯೇ ಉಷ್ಣತೆಯ ದೀಪವೂ ಹೊತ್ತಿಕೊಳ್ಳಬಹುದು.

ಉಷ್ಣತೆಯ ದೀಪವು ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳ ಏರಿನಲ್ಲಿ, ಕೂಲೆಂಟ್ ಕಡಿಮೆಯಿರುವ ವಾಹನಗಳಲ್ಲಿ ಕಾಣಿಸಿಕೊಳ್ಳಬಹುದು. ರೇಡಿಯೇಟರಿನೊಳಗೆ ಒತ್ತಡವಿರುವುದರಿಂದ ದ್ರವವು 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು.

ಬ್ರೇಕಿನ ದೀಪಕ್ಕೆ ಕೆಲವೊಮ್ಮೆ ಕೆಳಗಿಳಿಸದ ಹ್ಯಾಂಡ್ ಬ್ರೇಕೇ ಕಾರಣ. ಅದನ್ನು ಇಳಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ: ಪ್ಯಾಡುಗಳು ಸವೆದಿವೆ ಅಥವಾ ಎಲ್ಲೋ ಸೋರುತ್ತಿದೆ. ಹಳದಿಯ ಎಬಿಎಸ್ ದೀಪ ಮಾತ್ರ ಉರಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರಗಳು ಬಿಗಿದು ಜಾರಬಹುದು.

ಇಂಜಿನ್ ದೀಪ

ಇಂಜಿನ್ನಿನ ಆಕೃತಿಯ ಹಳದಿ ದೀಪವು ಮಾಲಿನ್ಯ ನಿಯಂತ್ರಣದ ಕಾನೂನುಗಳಿಂದ ಬಂದದ್ದು. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ಓಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಮಾನದಂಡಗಳೊಡನೆ, 2010ರಿಂದ 2013ರ ಅವಧಿಯಲ್ಲಿ ಇದು ಹಂತಹಂತವಾಗಿ ಬಂದಿತು. ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಭಾಗದಲ್ಲಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಸಿಗುತ್ತದೆ.

ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಉದಾಹರಣೆಗೆ ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ದಹನ ಸರಿಯಾಗಿ ನಡೆಯುತ್ತಿಲ್ಲ. ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್ ಇವುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಇಂಜಿನ್ನುಗಳಲ್ಲಿ ಒಂದನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿ ನೋಡಬಹುದು. ಆಗ ಸಂಕೇತವು ಪಿ0302 ಎಂದು ಬದಲಾದರೆ ಕಾಯಿಲೇ ದೋಷಿ. ಹೀಗೆ ಪರೀಕ್ಷಿಸದೆ ಸಂಕೇತವನ್ನು ಅಳಿಸಿ ಕಳುಹಿಸಿದರೆ ದೀಪ ಮತ್ತೆ ಬರುತ್ತದೆ.

ಈ ದೀಪ ಸ್ಥಿರವಾಗಿ ಉರಿಯುತ್ತಿದ್ದು ಬೇರೆ ತೊಂದರೆ ಕಾಣದಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಮಿನುಗುತ್ತಿದ್ದರೆ ಉರಿಯದ ಇಂಧನವು ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅದನ್ನು ಅತಿಯಾಗಿ ಕಾಯಿಸುತ್ತಿದೆ ಎಂದರ್ಥ. ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು.

ಹಳೆಯ ಕಾರು ಕೊಳ್ಳುವಾಗ

ಏರ್‌ಬ್ಯಾಗ್ ದೀಪ ಸದಾ ಉರಿಯುತ್ತಿದ್ದರೆ ಅಪಘಾತದ ಸಮಯದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೆ ಇರಬಹುದು. ಮಾರುವವರು ದೋಷವನ್ನು ಸರಿಪಡಿಸದೆ ದೀಪವನ್ನೇ ಕಿತ್ತುಬಿಟ್ಟರೆ ಕೊಳ್ಳುವವನಿಗೆ ಅದು ತಿಳಿಯುವ ಬಗೆ ಸುಲಭ: ಕೀಲಿ ತಿರುಗಿಸಿದಾಗ ಆ ದೀಪವು ಬೆಳಗುವುದೇ ಇಲ್ಲ. ಆಯಿಲ್, ಎಬಿಎಸ್ ಮತ್ತು ಇಂಜಿನ್ ದೀಪಗಳನ್ನೂ ಇದೇ ರೀತಿ ಒಂದೊಂದಾಗಿ ನೋಡಿಕೊಳ್ಳಬಹುದು.