ಸ್ವೆಟರಿನ ಬೆಲೆ, ಮಗುವಿನ ಮುಖ

ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕೈಯಿಂದ ಹೆಣೆದ ಸ್ವೆಟರಿಗೆ ಏನು ಕೆಲಸ ಎಂದು ಹೊರಗಿನವರು ನಗಬಹುದು. ಜನವರಿಯ ನಸುಕಿನಲ್ಲಿ ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಬಸ್ಸಿಗಾಗಿ ಕಾದು ನಿಂತವರು ನಗಲಾರರು. ಹಾಗೆ ನೋಡಿದರೆ ಗಿರಾಕಿಗಳು ಈ ಊರಿನವರೇ ಆಗಬೇಕಾದ ಅಗತ್ಯವೂ ಈಗ ಉಳಿದಿಲ್ಲ. ಮೊಬೈಲಿನ ಪರದೆಯ ಮೇಲೆ ಒಂದು ಚಿತ್ರ ಮೂಡಿದರೆ ಸಾಕು, ಬೆಂಗಳೂರಿನಿಂದಲೋ ಪುಣೆಯಿಂದಲೋ ಬೇಡಿಕೆ ಬರುತ್ತದೆ. ಗೃಹಿಣಿಯರ ಈ ಹೊಸ ವ್ಯಾಪಾರವನ್ನು ‘ಸ್ವಾವಲಂಬನೆ’ ಎಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ಆದರೆ ಇದರ ಲೆಕ್ಕಪತ್ರದಲ್ಲಿ ಎರಡು ಬಾಬುಗಳು ನಮೂದಾಗುವುದೇ ಇಲ್ಲ: ಒಂದು ತಾಯಿಯ ಹೊತ್ತು, ಇನ್ನೊಂದು ಮಗುವಿನ ಮುಖ.

ಕಲಬುರಗಿಯಲ್ಲಿರುವ ನನ್ನ ಬಂಧುವೊಬ್ಬರ ಸೊಸೆ ಬಿ.ಕಾಂ. ಪದವೀಧರೆ, ಇಬ್ಬರು ಮಕ್ಕಳ ತಾಯಿ. ಮಧ್ಯಾಹ್ನ ಚಿಕ್ಕ ಮಗು ಮಲಗಿದಾಗ ಸಿಗುವ ಎರಡು ಗಂಟೆ ಅವಳ ಹೆಣಿಗೆಯ ಸಮಯ. ಚಿತ್ರ ತೆಗೆಯುವುದು ಮಾತ್ರ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಆಮೇಲಿನ ಬಿಸಿಲಿಗೆ ತಿಳಿಗುಲಾಬಿಯೂ ಬಿಳಿಯಾಗಿ ಕಾಣುತ್ತದೆ, ಮಗುವಿನ ಕಣ್ಣೂ ಮುಚ್ಚಿಹೋಗುತ್ತದೆ. ಗಂಡನ ಡಬ್ಬಿ, ದೊಡ್ಡವನ ಶಾಲೆಯ ಆಟೊ, ನಲ್ಲಿಯ ನೀರು ಎಲ್ಲವೂ ಇರುವುದು ಆ ಹೊತ್ತಿನಲ್ಲೇ. ಮಾಳಿಗೆಯ ಮೇಲೆ ಸುಣ್ಣ ಬಳಿದ ಗೋಡೆಯ ಮುಂದೆ ಮೂರು ವರ್ಷದ ಮಗಳನ್ನು ನಿಲ್ಲಿಸಿ, ಅತ್ತೆಯವರು ಹಿಂದಿನಿಂದ ಶೇಂಗಾ ಉಂಡಿ ತೋರಿಸುತ್ತಾ ನಗಿಸಬೇಕು. ಮಗುವಿನ ತಾಳ್ಮೆ ಐದು ನಿಮಿಷದ್ದು. ಒಲೆಯ ಮೇಲಿನ ಪಲ್ಯ ತಳ ಹಿಡಿದರೆ ಅದಕ್ಕೂ ಅವಳೇ ಹೊಣೆ.

ಅವಳ ನೋಟುಬುಕ್ಕಿನ ಲೆಕ್ಕ ನೋಡಿದೆ. ಎರಡು ವರ್ಷದ ಮಗುವಿನ ಸ್ವೆಟರಿಗೆ ನೂಲು, ಗುಂಡಿ, ಅಂಚೆ ಸೇರಿ 300 ರೂಪಾಯಿ ಖರ್ಚು, ಮಾರಾಟ 800 ರೂಪಾಯಿಗೆ. ಉಳಿದ 500 ರೂಪಾಯಿಯನ್ನು ಅವಳು ‘ಲಾಭ’ ಎಂದು ಬರೆದಿದ್ದಳು. ಹೆಣೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಇಪ್ಪತ್ತೈದು ತಾಸು ಎಂದಳು. ಅಲ್ಲಿಗೆ ತಾಸಿಗೆ 20 ರೂಪಾಯಿ, ಎಂಟು ತಾಸಿನ ದಿನಕ್ಕೆ 160. ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಪದವೀಧರೆಯ ಕುಶಲಕರ್ಮಕ್ಕೆ ಅದರ ಅರ್ಧವೂ ದಕ್ಕಲಿಲ್ಲ. ಇದನ್ನು ಹೇಳಿದಾಗ ಅವಳ ಉತ್ತರ ನೇರವಾಗಿತ್ತು: “ಕಾಕಾ, ನನ್ನ ಹೊತ್ತಿಗಿ ರೊಕ್ಕ ಹಚ್ಚಿ ರೇಟ್ ಹೇಳಿದ್ರ ಯಾರೂ ತಗೊಳ್ಳಲ್ಲರಿ. ಲುಧಿಯಾನಾ ಮಾಲು ಮುನ್ನೂರಕ್ಕ ಸಿಗ್ತದ.”

ಅರ್ಥಶಾಸ್ತ್ರದ ಪಠ್ಯಗಳಲ್ಲಿ ‘ಅವಕಾಶ ವೆಚ್ಚ’ ಎಂಬ ಮಾತಿದೆ. ಗೃಹಿಣಿಗೆ ಬೇರೆ ದುಡಿಮೆಯ ಅವಕಾಶವೇ ಇಲ್ಲದಿರುವುದರಿಂದ ಅವಳ ಹೊತ್ತಿನ ವೆಚ್ಚ ಶೂನ್ಯ ಎಂದು ವಾದಿಸುವವರಿದ್ದಾರೆ. ಅವಕಾಶ ಯಾಕಿಲ್ಲ ಎಂದು ಮಾತ್ರ ಅವರು ಕೇಳುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದರಲ್ಲಿ ತೊಡಗುವ ಪುರುಷರು ವ್ಯಯಿಸುವುದು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆ ಇದರಲ್ಲಿ ಸೇರಿಲ್ಲ. ಹೆಣಿಗೆಯ ಇಪ್ಪತ್ತೈದು ತಾಸು ಬಂದದ್ದು ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಿಂದ, ಅಂದರೆ ಅವಳ ವಿಶ್ರಾಂತಿಯಿಂದ.

ತೆರಿಗೆಯ ನಿಯಮವೂ ಈ ಭಾಗಕ್ಕೆ ಅಷ್ಟೇನೂ ಅನುಕೂಲವಾಗಿಲ್ಲ. ಇ–ವಾಣಿಜ್ಯ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರುವ ಸಣ್ಣ ವ್ಯಾಪಾರಿಗೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ರಾಜ್ಯದ ಗಡಿ ದಾಟಿದರೆ ಆ ವಿನಾಯಿತಿ ಇಲ್ಲ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಸೊಲ್ಲಾಪುರ, ಹೈದರಾಬಾದ್ ಹತ್ತಿರ ಎಂಬುದು ನಿಯಮ ರೂಪಿಸಿದವರಿಗೆ ಹೊಳೆದಂತಿಲ್ಲ.

ಇನ್ನು ಮಗುವಿನ ಮುಖದ ಮಾತು. ಹ್ಯಾಂಗರಿಗೆ ತೂಗುಹಾಕಿದ ಸ್ವೆಟರಿನ ಚಿತ್ರಕ್ಕೆ ಒಂದು ಬೇಡಿಕೆ ಬಂದರೆ, ಮಗಳು ತೊಟ್ಟ ಚಿತ್ರಕ್ಕೆ ನಾಲ್ಕು ಬರುತ್ತವೆ ಎಂಬುದು ಆಕೆಯ ಅನುಭವ. ಹಾಗಾದರೆ ಮಾರಾಟವಾಗುತ್ತಿರುವುದರಲ್ಲಿ ಮಗುವಿನ ಪಾಲೂ ಇದೆ ಎಂದಾಯಿತು.

ನಮ್ಮ ಕಡೆ ಮಕ್ಕಳಿಗೆ ಕೈಯಾರೆ ಉಡುಪು ಮಾಡುವುದು ಹೊಸದೇನಲ್ಲ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿ, ತೊಟ್ಟಿಲ ಕಾರ್ಯಕ್ಕೆ ತವರಿನಿಂದ ಬರುವ ಕುಂಚಿಗೆ, ಕುಲಾವಿ ಇವೆಲ್ಲ ಮಾರಾಟದ ಸರಕುಗಳಾಗಿರಲಿಲ್ಲ. ಅದನ್ನು ತೊಟ್ಟ ಮಗುವನ್ನು ನೋಡುತ್ತಿದ್ದವರು ಓಣಿಯವರು, ಬೀಗರು. ಕಮಲಾಪುರದ ಹಿರಿಯ ಅಜ್ಜಿಯೊಬ್ಬರು ಮೊಮ್ಮಗಳ ಮೊಬೈಲ್ ಚಿತ್ರ ಕಂಡು, “ಕೂಸಿನ ಮಾರಿ ಎಲ್ಲಾ ಮಂದಿಗಿ ತೋರಸಬ್ಯಾಡ್ರವ್ವ, ದೃಷ್ಟಿ ಆಗ್ತದ” ಎಂದದ್ದನ್ನು ಕೇಳಿದ್ದೇನೆ. ದೃಷ್ಟಿಯ ಶಕ್ತಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಗುರುತಿಲ್ಲದವರ ಕಣ್ಣಿನಿಂದ ಮಗುವನ್ನು ಕಾಯಬೇಕೆಂಬ ಆ ವಿವೇಕವನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾರೆ. ನಿಜಾಮರ ಕಾಲದಲ್ಲಿ, 1892ರಲ್ಲಿ, ಖ್ಯಾತ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕ ಜನಾನಾ ಸ್ಟುಡಿಯೊ ತೆರೆದು ಅದನ್ನು ಮಹಿಳೆಯೊಬ್ಬರ ಕೈಗೆ ಒಪ್ಪಿಸಿದ್ದರು. ಚಿತ್ರ ತೆಗೆಯುವವರು ಯಾರು, ನೋಡುವವರು ಯಾರು ಎಂಬ ಪ್ರಶ್ನೆ ಕ್ಯಾಮೆರಾ ಬಂದಂದಿನಿಂದಲೂ ಇದೆ.

ಕಾನೂನು ಏನು ಹೇಳುತ್ತದೆ? 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, ಶಾಲಾ ಅವಧಿಯ ಆಚೆಗೆ ಮಗು ಕುಟುಂಬದ ಕಸುಬಿಗೆ ನೆರವಾಗುವುದನ್ನೂ ಜಾಹೀರಾತಿನಲ್ಲಿ ಕಲಾವಿದನಾಗಿ ದುಡಿಯುವುದನ್ನೂ ಷರತ್ತುಗಳೊಂದಿಗೆ ಒಪ್ಪುತ್ತದೆ. 2017ರ ನಿಯಮಗಳ ಪ್ರಕಾರ ಬಾಲಕಲಾವಿದನ ಗಳಿಕೆಯ ಕನಿಷ್ಠ ಶೇ 20ರಷ್ಟು ಮೊತ್ತವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವನ ಹೆಸರಿಗೆ ಠೇವಣಿ ಇಡಬೇಕು. ಮಾಳಿಗೆಯ ಮೇಲೆ ತಾಯಿಯೇ ಕ್ಯಾಮೆರಾ ಹಿಡಿದ ಸಂದರ್ಭ ಈ ನಿಯಮ ಬರೆದವರ ಮನಸ್ಸಿನಲ್ಲಿ ಇದ್ದಿರಲಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಒಪ್ಪಿಗೆ ಕೊಡುವವರೂ ಅದರಿಂದ ಮಾರಾಟ ಕುದುರಿಸುವವರೂ ಒಬ್ಬರೇ ಆದಾಗ ಆ ಒಪ್ಪಿಗೆಗೆ ಅರ್ಥವೇನು? ಫ್ರಾನ್ಸ್ 2024ರ ಫೆಬ್ರವರಿಯಲ್ಲಿ ತಂದ ಕಾನೂನು ಮಗುವಿನ ಚಿತ್ರದ ಹಕ್ಕನ್ನು ಕಾಯುವ ಹೊಣೆಯನ್ನು ತಂದೆತಾಯಿ ಇಬ್ಬರ ಮೇಲೂ ಜಂಟಿಯಾಗಿ ಹೊರಿಸಿದೆ; ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಮಗುವನ್ನೂ ಕೇಳಬೇಕೆಂದಿದೆ.

ಇಷ್ಟೆಲ್ಲ ಹೇಳಿ ತಾಯಂದಿರನ್ನು ಗದರಿಸುವುದು ನನ್ನ ಉದ್ದೇಶವಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ರೂಪದರ್ಶಿಗಳನ್ನು ಕರೆತರುವ ಕಂಪನಿಗಳ ಎದುರು ಅವಳ ಬಳಿ ಇರುವ ಬಂಡವಾಳವೆಂದರೆ ಮಗುವಿನ ನಗು. ಆ ಬಂಡವಾಳವನ್ನು ಹೂಡದೆಯೇ ವ್ಯಾಪಾರ ನಡೆಸುವ ದಾರಿಯನ್ನು ನಾವು ತೋರಿಸಬೇಕು. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಬೆಳೆದವನು ಮಗನನ್ನು ಗೊನೆಯ ಪಕ್ಕ ನಿಲ್ಲಿಸಬೇಕಾಗಿಲ್ಲ.

ರಾಜ್ಯದಲ್ಲಿ ‘ಸಂಜೀವಿನಿ’ಯ ಸ್ವಸಹಾಯ ಸಂಘಗಳಿವೆ. ಕಮಲಾಪುರದಂಥ ತಾಲ್ಲೂಕು ಕೇಂದ್ರದಲ್ಲಿ ಅವುಗಳಿಗೆ ಉತ್ತರದ ಕಿಟಕಿಯಿರುವ ಒಂದು ಕೋಣೆ, ಮಕ್ಕಳ ಅಳತೆಯ ನಾಲ್ಕು ಬಟ್ಟೆಯಂಗಡಿ ಗೊಂಬೆಗಳು, ಬಿಳಿ ಪರದೆ, ಚಿತ್ರ ತೆಗೆಯಬಲ್ಲ ಒಬ್ಬ ತರುಣಿ ಇಷ್ಟಿದ್ದರೆ ಸಾಕು. ಹಿನ್ನೆಲೆಗೆ ಕೌದಿ ಹಾಸಿದರೆ ಸ್ವೆಟರು ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ರತಿ ಸ್ವೆಟರಿಗೆ ಕಟ್ಟುವ ಚೀಟಿಯಲ್ಲಿ ಬೆಲೆಯ ಜೊತೆಗೆ ಅದಕ್ಕೆ ಹಿಡಿದ ತಾಸುಗಳನ್ನೂ ಬರೆಯಲಿ. ಎಂಟುನೂರು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ನನ್ನಂಥ ಪಿಂಚಣಿದಾರರು ಆ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳಬಹುದು.