ಕಿವಿ ವಾಸಿಯಾಗುವವರೆಗೆ ಮಗುವಿಗೆ ಮಾತು ಕೇಳಿಸಲಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಆಡುಮಾತು ತೆಲುಗು. ಅಲ್ಲಿನ ಮಕ್ಕಳ ಕಿವಿಗೆ ದಿನವಿಡೀ ಕನ್ನಡ ಬೀಳುವುದು ಅಂಗನವಾಡಿಗೆ ಸೇರಿದ ಮೇಲೆಯೇ. ಹಾಗಾಗಿ ಕರೆದರೆ ತಿರುಗದ, ಹೇಳಿದ್ದನ್ನು ಮಾಡದ ಮಗುವನ್ನು ಕಂಡಾಗ ‘ಇನ್ನೂ ಕನ್ನಡ ಬಂದಿಲ್ಲ’ ಅನ್ನಿಸಿಬಿಡುತ್ತದೆ. ಮನೆಯಲ್ಲಿ ಅದೇ ಮಗುವಿಗೆ ‘ಬೇಕಂತಲೇ ಕೇಳಿಸ್ಕೊಳ್ಳಲ್ಲ’ ಎಂಬ ಬೈಗುಳ. ಕಿವಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಮಗು ಆಟದಲ್ಲಿ ಮುಳುಗಿಲ್ಲದಾಗ ಹಿಂದೆ ನಿಂತು, ಮನೆಯ ಮಾತಿನಲ್ಲೇ ಮೆಲ್ಲಗೆ ಕರೆದು ನೋಡಿ. ಅದಕ್ಕೂ ಮತ್ತೆ ಮತ್ತೆ ತಿರುಗದಿದ್ದರೆ ಭಾಷೆಯನ್ನು ದೂರುವುದು ಬಿಟ್ಟು ಕಿವಿ ತೋರಿಸಬೇಕು.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅಲ್ಲಿನ ಮೂರು ಸಣ್ಣ ಮೂಳೆಗಳು ತಮಟೆಯ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಆ ಜಾಗಕ್ಕೆ ಗಾಳಿ ಬರುವುದು ಮೂಗಿನ ಹಿಂಭಾಗದಿಂದ ಹೊರಟ ಒಂದು ನಳಿಕೆಯ ಮೂಲಕ. ಚಿಕ್ಕ ಮಕ್ಕಳಲ್ಲಿ ಆ ನಳಿಕೆ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿಯಾದಾಗಲೋ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿದಾಗಲೋ ನಳಿಕೆ ಕಟ್ಟಿಕೊಂಡು, ಗಾಳಿ ಇರಬೇಕಾದ ಕಡೆ ಅಂಟು ನೀರು ತುಂಬುತ್ತದೆ. ಇದೇ ಗ್ಲೂ ಇಯರ್. ಮೂಳೆಗಳು ಸರಾಗವಾಗಿ ಅಲುಗದೆ, ಸಾಮಾನ್ಯವಾಗಿ 20ರಿಂದ 40 ಡೆಸಿಬಲ್‌ನಷ್ಟು ಕೇಳುವ ಶಕ್ತಿ ತಗ್ಗುತ್ತದೆ. ಮಗು ಪೂರ್ತಿ ಕಿವುಡಾಗುವುದಿಲ್ಲ, ಮಾತು ಮಂಕಾಗಿ ಕೇಳಿಸುತ್ತದೆ. ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಂಬಲ್ಲಿ ನಾವು ಇಳಿದನಿಯಲ್ಲಿ ನುಂಗಿಬಿಡುವ ಕೊನೆಯ ಭಾಗವೇ ಮಗುವಿಗೆ ತಪ್ಪಿಹೋಗುತ್ತದೆ.

ಕಿವಿಗೆ ಬಿಸಿ ಎಣ್ಣೆ ಬಿಡುವುದು, ಸೊಪ್ಪಿನ ರಸ ಹಿಂಡುವುದು ಬೇಡ. ನೀರು ನಿಂತಿರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ಆಂಟಿಬಯಾಟಿಕ್ ಮತ್ತು ನೆಗಡಿ ಸಿರಪ್‌ಗಳಿಂದಲೂ ಈ ನೀರು ಇಳಿಯುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿಯೇ ಬತ್ತುತ್ತದೆ, ಅದಕ್ಕೇ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳು ಕಾಯಿರಿ ಎನ್ನುತ್ತಾರೆ. ಸರಿಯಾದ ಸಲಹೆಯೇ. ಆದರೆ ಕಾಯಬೇಕಾದದ್ದು ಕಿವಿ. ಮಗುವಿನ ಮಾತು, ಕಲಿಕೆ ಅಲ್ಲಿಯವರೆಗೆ ಕಾಯಬಾರದು. ಮೂರು ವರ್ಷದ ಮಗುವಿಗೆ ಮೂರು ತಿಂಗಳೆಂದರೆ ಸಣ್ಣ ಕಾಲವಲ್ಲ.

ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ‘ಮ್…’ ಎಂದು ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಸದ್ದು ಜೋರಾಗಿ ಕೇಳುತ್ತದೆ. ಆ ಸದ್ದು ಬರುವುದು ತಲೆಬುರುಡೆಯ ಮೂಳೆಯ ಮೂಲಕ. ನೀರು ತುಂಬಿದ ಜಾಗವನ್ನು ತಪ್ಪಿಸಿ ನೇರ ಒಳಗಿವಿಗೆ ಹೋಗಬಲ್ಲ ದಾರಿ ಇದು. ಕಿವಿಯ ಹಿಂದೆ ಮೂಳೆಗೆ ತಾಗುವಂತೆ ಮೆತ್ತನೆಯ ಪಟ್ಟಿಯಲ್ಲಿ ಕಟ್ಟುವ ಬೋನ್ ಕಂಡಕ್ಷನ್ ಸಾಧನ ಕೆಲಸ ಮಾಡುವುದು ಹೀಗೆಯೇ. ಅದಕ್ಕೆ ಆಪರೇಷನ್ ಬೇಡ, ನೀರು ಬತ್ತಿದ ಮೇಲೆ ಬಿಚ್ಚಿಟ್ಟರಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಮಕ್ಕಳ ವೈದ್ಯೆ ಟ್ಯಾಮ್ಸಿನ್ ಹಾಲೆಂಡ್ ಬ್ರೌನ್ ಇದನ್ನೇ ಅಗ್ಗದ ದಾರಿಯಲ್ಲಿ ಮಾಡಿದರು. ಕೆನ್ನೆಯ ಮೂಳೆಯ ಮೇಲೆ ಕೂರುವ ಹೆಡ್‌ಸೆಟ್ ಮಗುವಿಗೆ, ಅದಕ್ಕೆ ಬ್ಲೂಟೂತ್‌ನಲ್ಲಿ ಜೋಡಿಸಿದ ಮೈಕ್ ಅಮ್ಮನಿಗೋ ಟೀಚರಿಗೋ. ಕೋವಿಡ್ ಕಾಲದಲ್ಲಿ ಈ ಕಿಟ್ ಅಂಚೆಯಲ್ಲಿ ಮನೆಗಳಿಗೆ ಹೋಯಿತು. 2023ರ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿಯೂ ಇಂಥ ಮಕ್ಕಳಿಗೆ ಮಾಮೂಲಿ ಶ್ರವಣ ಸಾಧನವನ್ನಾಗಲಿ ಬೋನ್ ಕಂಡಕ್ಷನ್ ಸಾಧನವನ್ನಾಗಲಿ ಪರಿಗಣಿಸಬಹುದು ಎಂದಿದೆ. ನಮ್ಮಲ್ಲೂ ಬೋನ್ ಕಂಡಕ್ಷನ್ ಹೆಡ್‌ಫೋನ್ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಪರೀಕ್ಷೆಗೆ ಮೊದಲೇ ಕೊಂಡು ತಲೆಗೆ ಹಾಕಬೇಡಿ. ತೊಂದರೆ ನರದ್ದೋ ನೀರಿನದ್ದೋ ಎಂಬುದು ಮೊದಲು ಗೊತ್ತಾಗಬೇಕು, ಶಬ್ದದ ಮಟ್ಟವನ್ನು ಶ್ರವಣ ತಜ್ಞರಾದ ಆಡಿಯಾಲಜಿಸ್ಟರೇ ಹೊಂದಿಸಬೇಕು.

ಮೂಗಿನಿಂದ ಊದುವ ಬಲೂನು ಇನ್ನೊಂದು ಉಪಾಯ. ಬಾಯಿ ಮುಚ್ಚಿ, ಒಂದು ಹೊಳ್ಳೆ ಒತ್ತಿ, ಇನ್ನೊಂದಕ್ಕಿಟ್ಟ ಪುಟ್ಟ ನಳಿಕೆಯ ಮೂಲಕ ಬಲೂನು ಉಬ್ಬಿಸಬೇಕು. ಆ ಒತ್ತಡಕ್ಕೆ ಕಿವಿಯ ಕಟ್ಟಿಕೊಂಡ ನಳಿಕೆ ತೆರೆಯುತ್ತದೆ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 320 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಮೂರು ಸಲ ಊದಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೂರು ತಿಂಗಳಲ್ಲಿ ಕಿವಿಯ ಒತ್ತಡ ಸರಿಹೋಗಿತ್ತು. ಊದದವರಲ್ಲಿ ನೂರಕ್ಕೆ 38 ಮಂದಿಗೆ. ದೊಡ್ಡ ಪವಾಡವೇನಲ್ಲ, ಹಾನಿಯೂ ಕಡಿಮೆ. ಅಂಗಡಿಯ ಬಲೂನು ಇದಕ್ಕಾಗದು. ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಸಾಧನ ಕೈಗೆ ಬರುವವರೆಗೂ ಮಾಡುವುದು ಬೇಕಾದಷ್ಟಿದೆ. ದೂರ ಅರ್ಧವಾದಾಗಲೆಲ್ಲ ಮಾತಿಗೆ ಸುಮಾರು 6 ಡೆಸಿಬಲ್ ಸೇರುತ್ತದೆ. ನಾಲ್ಕು ಮೀಟರ್ ಆಚೆ ಗೋಡೆಗೊರಗಿದ ಮಗುವನ್ನು ಟೀಚರ್ ಒಂದು ಮೀಟರ್ ಹತ್ತಿರ ಕೂರಿಸಿಕೊಂಡರೆ 12 ಡೆಸಿಬಲ್‌ವರೆಗೆ ಲಾಭ, ಖರ್ಚು ಏನೂ ಇಲ್ಲ. ಸಿಮೆಂಟು ನೆಲಕ್ಕೆ ಚಾಪೆ, ಜಮಖಾನ ಹಾಸಿದರೆ ಸದ್ದು ಮಾರ್ದನಿಸುವುದು ಕಡಿಮೆ. ಮನೆಯಲ್ಲಿ ಟಿವಿ ಆರಿಸಿ, ಮೊದಲು ಹೆಸರು ಹಿಡಿದು ಕರೆದು, ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಮಾತಾಡಿ. ಕೂಗಬೇಡಿ, ಕೂಗಿದರೆ ಪದ ಒಡೆಯುತ್ತದೆ. ಬೀಡಿ ಸಿಗರೇಟಿನ ಹೊಗೆ ಈ ಕಿವಿಗೆ ಕೆಟ್ಟದ್ದು, ಒಲೆಯ ಹೊಗೆಯಿಂದಲೂ ಮಗುವನ್ನು ದೂರವಿಡಿ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಆ ದಿನ ಅನುಮಾನವನ್ನು ಬಾಯಿಬಿಟ್ಟು ಹೇಳಿ. ಈ ಕಡೆಯವರಿಗೆ ಮುಂದಿನ ದಾರಿ ಕೋಲಾರ. ಅಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ‘ಟಿಂಪನೋಮೆಟ್ರಿ ಆಗಬೇಕಾ?’ ಎಂದು ಕೇಳಿ. ತಮಟೆ ಅಲುಗುತ್ತದೋ ಇಲ್ಲವೋ ಎಂಬುದನ್ನು ಅದು ಕೆಲವೇ ಕ್ಷಣಗಳಲ್ಲಿ, ನೋವಿಲ್ಲದೆ ತೋರಿಸುತ್ತದೆ.

ಸೀಳಂಗುಳು ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಮೂರು ತಿಂಗಳು ಕಾಯದೆ ತಜ್ಞರಿಗೆ ತೋರಿಸಬೇಕು. ಕಿವಿ ಸೋರಿದರೆ, ಗೊರಕೆ ಜಾಸ್ತಿಯಾಗಿ ಮಗು ಬಾಯಲ್ಲೇ ಉಸಿರಾಡುತ್ತಿದ್ದರೆ, ಮಾತು ಹಿಂದುಳಿದಿದ್ದರೆ ಆಗಲೂ ತಡ ಮಾಡಬೇಡಿ. ಉಳಿದವರು ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ನೀರು ಹಾಗೇ ನಿಂತು ಕೇಳುವುದೂ ಕಡಿಮೆಯೇ ಇದ್ದರೆ ಆಗ ತಮಟೆಯಲ್ಲಿ ಪುಟ್ಟ ಕೊಳವೆ ಕೂರಿಸುವ ಗ್ರಾಮೆಟ್ ಆಪರೇಷನ್ ಮಾತು ಬರಬಹುದು, ಅದಕ್ಕೆ ಹೆದರಬೇಕಿಲ್ಲ. ಪರೀಕ್ಷೆಯ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಎತ್ತಿಡಿ. ಬೇಸಿಗೆಯಲ್ಲಿ ಸರಿಹೋದ ಕಿವಿ ಮಾರ್ಗಶಿರದ ಚಳಿಗೆ ನೆಗಡಿಯಾಗಿ ಮತ್ತೆ ಕಟ್ಟಿಕೊಳ್ಳಬಹುದು, ಆಗ ವೈದ್ಯರು ಮೊದಲು ಕೇಳುವುದು ಆ ಹಳೆಯ ಚೀಟಿಯನ್ನೇ.